ನಿಮಿಷಕ್ಕೆ ನಲವತ್ತೊಂದು

ಸೆಪ್ಟೆಂಬರ್ 4, ಬೆಳಿಗ್ಗೆ 6.50

ಎಡಗಲ್ಲು 41. ಬಲಗಲ್ಲು 40. ಉಪ್ಪು ಸರಿ. ನೀರಿನ ಬಿಸಿ 25.5. ನೀರಿನ ಕೊಳೆ ತೆಗೆಯುವ ಸ್ಕಿಮ್ಮರಿನ ನೊರೆ ಚೆಲ್ಲಿ ಕಪ್ ತೊಳೆದೆ. ಆ ನಾತಕ್ಕೆ ಇನ್ನೂ ಮೂಗು ಒಗ್ಗಿಲ್ಲ. ದಿನವಿಡೀ ಲ್ಯಾಬಿನಲ್ಲಿ ಊರವರ ಮಲಮೂತ್ರ ಪರೀಕ್ಷೆ ಮಾಡುವವಳಿಗೆ ಮನೆಮೀನಿನ ನೊರೆ ಹೇಸಿಗೆಯಂತೆ — ಅಪ್ಪ ದಿನಾ ಇದನ್ನೇ ಹೇಳಿ ದಿನಾ ನಗುತ್ತಾರೆ.

ಹಳೆಯ ಪುಸ್ತಕ ಮುಗಿಯಿತು, ಇದು ಹೊಸದು. ಪದ್ಧತಿ ಹಳೆಯದೇ. ಎಣಿಸುವುದು ಅಪ್ಪ, ಬರೆಯುವುದು ನಾನು. ಅಪ್ಪ ಟೈಮರಿಗೆ ಕೀ ಕೊಟ್ಟು ಮೀನಿನ ಟ್ಯಾಂಕಿನ ಪಕ್ಕದ ಮೇಜಿನ ಮೇಲೆ ಇಡುತ್ತಾರೆ. ಒಂದು ನಿಮಿಷಕ್ಕೆ ಟ್ರಿಣ್ ಅನ್ನುತ್ತದೆ. ಅಷ್ಟರಲ್ಲಿ ಚಪ್ಪಾಳೆ ಎಷ್ಟು ಸಲ ಮುಚ್ಚಿ ತೆರೆಯಿತು ಅಂತ ಬೆರಳಿನಿಂದ ಮೇಜು ಕುಟ್ಟುತ್ತಾ ಎಣಿಸುತ್ತಾರೆ. ನಾನು ಅಷ್ಟು ಹೊತ್ತು ಬಾಲ್ಕನಿಯಲ್ಲಿ, ಟ್ಯಾಂಕಿಗೆ ಉಪ್ಪುನೀರು ಕಲಕುವ ಬಕೆಟ್ ಮುಂದೆ. ಅಪ್ಪ ಒಳಗಿಂದ ಕೂಗುತ್ತಾರೆ, ನಾನು ಬರೆದುಕೊಳ್ಳುತ್ತೇನೆ.

ಅಂಗಡಿಯವನು ಇದಕ್ಕೆ ಕ್ಸೀನಿಯಾ ಅನ್ನುತ್ತಾನೆ. ಚಪ್ಪಾಳೆ ಅಂತ ಹೆಸರಿಟ್ಟವಳು ನನ್ನ ಮಗಳು ಚೂಟಿ. ಮೆತ್ತನೆಯ ಹವಳ, ಟ್ಯಾಂಕಿನ ಎಡ ಬಲ ಎರಡೂ ಕಲ್ಲುಗಳ ಮೇಲೆ ಬೆಳೆದಿದೆ. ಒಂದೊಂದು ಕಾಂಡದ ತುದಿಗೂ ಪುಟ್ಟ ಅಂಗೈ, ಎಂಟು ಬೆರಳು. ಮುಚ್ಚು, ತೆರೆ, ಮುಚ್ಚು, ತೆರೆ. ಯಾರಿಗಾಗಿ ತಟ್ಟುತ್ತದೋ ಗೊತ್ತಿಲ್ಲ. ಸದ್ದು ಮಾತ್ರ ಇಲ್ಲ.

ಸೆಪ್ಟೆಂಬರ್ 9

ಎಡ 41. ಬಲ 39. ಉಳಿದದ್ದು ನಿನ್ನೆಯಂತೆ.

ಹಿಂದಿನ ಗಾಜಿನ ಮೂಲೆಯಲ್ಲಿ ಹೊಸ ಮರಿ ಅಂಟಿಕೊಂಡಿದೆ. ಎರಡೇ ಅಂಗೈ. ಕಂಡುಹಿಡಿದವಳು ಚೂಟಿ. ಅಪ್ಪ ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡಿದರು. ಊರಿಗೆಲ್ಲ ಫೋನ್ ಮಾಡಲಿಲ್ಲ, ಅಷ್ಟೇ. ಇವರಿಗೆ ಮಾತ್ರ ಮಾಡಿದರು — ಇವರ ಕೆಲಸ ಬೇರೆ ಊರಲ್ಲಿ, ಮನೆಗೆ ಬರುವುದು ಶನಿವಾರ. “ಮಾವ, ಹೀಗೇ ಆದ್ರೆ ನಾನು ಬಂದಾಗ ಮಲಗೋಕೆ ಜಾಗ ಇರಲ್ಲ” ಅಂದರಂತೆ.

ವಾಚಿನ ಅಂಗಡಿ ಮುಚ್ಚಿದ ಮೇಲೆ ಅಪ್ಪ ಇಷ್ಟು ಖುಷಿಯಾಗಿ ಇದ್ದದ್ದು ಚಪ್ಪಾಳೆ ಬಂದ ಈ ಎರಡು ವರ್ಷದಲ್ಲೇ. ಬೆಳಿಗ್ಗೆ ಚಪ್ಪಾಳೆ, ಮಧ್ಯಾಹ್ನ ಸ್ಕೂಟರಿನಲ್ಲಿ ಹೋಗಿ ಚೂಟಿಯನ್ನು ಸ್ಕೂಲಿಂದ ಕರೆತರುವುದು. ದಿನ ತುಂಬಿದೆ.

ಸೆಪ್ಟೆಂಬರ್ 17

ಮೊನ್ನೆ ಎಡ 33. ನಿನ್ನೆ 41. ಇವತ್ತು 30.

ಏನಿದು?

“ಅಪ್ಪಾ, ಇನ್ನೊಂದ್ಸಲ ಎಣ್ಸಿ.”

“ಯಾಕೆ, ನನ್ನ ಎಣಿಕೆ ಮೇಲೆ ಅನುಮಾನನಾ?”

“ನಿಮ್ಮೇಲಲ್ಲ. ಟೈಮರ್ ಮೇಲೆ.”

ಅದು ಇನ್ನೂ ದೊಡ್ಡ ತಪ್ಪು. ಟೈಮರ್ ಅಪ್ಪನೇ ಬಿಚ್ಚಿ ಜೋಡಿಸಿದ್ದು. ಆದರೂ ಫೋನಿನ ಪಕ್ಕ ಇಟ್ಟು ನೋಡಿದೆ. ಅರವತ್ತು ಸೆಕೆಂಡ್, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅಪ್ಪ ಟೈಮರ್ ಎತ್ತಿಕೊಂಡು ಒಳಗೆ ಹೋದರು. ನಲವತ್ತು ವರ್ಷ ಒಂದು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ವಾಚು ಕಿವಿಗೆ ಹಿಡಿದರೆ ದಿನಕ್ಕೆ ಎಷ್ಟು ಸೆಕೆಂಡು ಹಿಂದೆ ಬೀಳುತ್ತದೆ ಅಂತ ಹೇಳುತ್ತಿದ್ದ ಮನುಷ್ಯ. ನನ್ನ ಬಾಯಿಗೆ ಬೀಗ ಹಾಕಬೇಕು.

ಸೆಪ್ಟೆಂಬರ್ 21, ಭಾನುವಾರ

ಎಡ 28. ಬಲ 40.

ಲ್ಯಾಬಿನಲ್ಲಿ ದಿನದ ಮೊದಲ ಕೆಲಸ ಕಂಟ್ರೋಲ್ ಓಡಿಸುವುದು. ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್ ಯಂತ್ರಕ್ಕೆ ಹಾಕು. ಯಂತ್ರ ಸರಿ ಹೇಳಿತೋ, ಆಮೇಲೆ ರೋಗಿಗಳ ರಕ್ತ ಹಾಕು. ತಪ್ಪು ಹೇಳಿತೋ, ಯಂತ್ರ ರಿಪೇರಿ ಮಾಡಿಸು. ರೋಗಿಯ ಮೇಲೆ ಹಾರಬೇಡ. ಹದಿನಾಲ್ಕು ವರ್ಷದಿಂದ ಹೊಸಬರಿಗೆ ನಾನೇ ಕಲಿಸುತ್ತಿದ್ದೇನೆ.

ಮನೆಯಲ್ಲೂ ಹಾಗೇ ಮಾಡಿದೆ. ಉಪ್ಪಿನ ಮೀಟರ್ ಪರೀಕ್ಷಿಸಿದೆ, ಸರಿ. ಥರ್ಮಾಮೀಟರ್ ಲ್ಯಾಬಿನದಕ್ಕೆ ಹೋಲಿಸಿದೆ, ಸರಿ. ದೀಪ ಸರಿ. ಪಂಪ್ ಸರಿ. ಫಿಲ್ಟರ್ ನೀರು ಎರಡು ಕಿಟ್‌ನಲ್ಲಿ ನೋಡಿದೆ. ಎಲ್ಲ ಸರಿ. ಎಲ್ಲವೂ ಸರಿಯಿದ್ದರೆ ಕಾಯಿಲೆ ಬಿದ್ದಿರುವುದು ಹವಳವೇ.

ಉಪ್ಪಣ್ಣನಿಗೆ ಫೋನ್ ಮಾಡಿದೆ — ಟ್ಯಾಂಕ್ ಅಂಗಡಿಯವನು, ಉಪ್ಪು ಅವನಿಂದಲೇ ಬರುವುದು.

“ಅಕ್ಕ, ಇದು ತೀರಾ ಚೊಕ್ಕ ನೀರಲ್ಲಿ ಬದುಕಲ್ಲ. ಸ್ವಲ್ಪ ಗಲೀಜಿರ್ಲಿ. ಕೈ ಹಾಕೋಕೆ ಹೋಗ್ಬೇಡಿ. ನಿಧಾನ ಆದಾಗ ಒಂದು ವಿಡಿಯೋ ತೆಗ್ದು ಕಳ್ಸಿ, ನೋಡ್ತೀನಿ.”

ನಾನು ಕೈ ಹಾಕಬಾರದಂತೆ. ದಿನಕ್ಕೆ ಮುನ್ನೂರು ಸ್ಯಾಂಪಲ್ ನೋಡುವವಳು.

ಸೆಪ್ಟೆಂಬರ್ 28, ಭಾನುವಾರ

ಎಡ 26! ಇಷ್ಟು ಕಡಿಮೆ ಯಾವತ್ತೂ ಇಲ್ಲ.

ಕ್ಲಾಸಿನಲ್ಲಿ ತೋರಿಸಬೇಕು ಅಂತ ಚೂಟಿ ನನ್ನ ಫೋನಿನಲ್ಲಿ ಟ್ಯಾಂಕಿನ ವಿಡಿಯೋ ತೆಗೆದಳು. ನಾನು ಬಕೆಟ್ ಕಲಕುತ್ತಿದ್ದೆ. ಅಪ್ಪ ಸಂಖ್ಯೆ ಕೂಗಿದಾಗ ಕೈಯಲ್ಲಿದ್ದ ಕೋಲು ಜಾರಿತು.

ಅಪ್ಪನ ಟೀ ಲೋಟ ಮೇಜಿನ ಮೇಲೆ ಹಾಗೇ ಇತ್ತು, ಕೆನೆಗಟ್ಟಿ. ಚಪ್ಪಾಳೆಯ ಚಿಂತೆಯಲ್ಲಿ ಟೀ ಕೂಡ ಮರೆಯುತ್ತಿದ್ದಾರೆ.

ಅಕ್ಟೋಬರ್ 2

ಎಡ 41. ಬಲ 29. ಇವತ್ತು ಎಡ ಚೆನ್ನಾಗಿದೆ, ಬಲ ಕೆಟ್ಟಿದೆ. ನಿನ್ನೆ ಉಲ್ಟಾ. ಯಾವ ಸೀಮೆ ಕಾಯಿಲೆ ಇದು?

ಚೂಟಿ ಊಟ ಮಾಡುತ್ತಾ: “ಅಮ್ಮ, ತಾತ ಸ್ಟ್ಯಾಚು ಆಟ ಎಷ್ಟ್ ಚೆನ್ನಾಗಿ ಆಡ್ತಾರೆ ಗೊತ್ತಾ? ನಾನು ಸ್ಟ್ಯಾಚು ಅನ್ನೋಕ್ಮುಂಚೆನೇ ಆಡ್ತಾರೆ.”

“ನೀನು ಊಟದ ಆಟ ಆಡು ಮೊದ್ಲು.”

ಅಪ್ಪ ನಕ್ಕರು. ನಾನೂ ನಕ್ಕೆ.

ಅಕ್ಟೋಬರ್ 5

ಕಾಲು ಭಾಗ ನೀರು ಬದಲಾಯಿಸಿದೆ. ಫಿಲ್ಟರಿಗೆ ಹೊಸ ಕಾರ್ಬನ್ ಹಾಕಿದೆ. ಔಷಧಿ ಅಂತ ಅಯೋಡಿನ್ ಮೂರು ಹನಿ. ಉಪ್ಪಣ್ಣ ಬೇಡ ಅಂದಿದ್ದ. ಅವನಿಗೇನು, ಸತ್ತರೆ ಇನ್ನೊಂದು ಮಾರುತ್ತಾನೆ.

ಅಕ್ಟೋಬರ್ 8

ಎಡ 27. ಬಲ 31.

ಅರ್ಧ ನೀರು ತೆಗೆದೆ. ಅಯೋಡಿನ್ ಆರು ಹನಿ. “ಇಷ್ಟೊಂದು ಬೇಕಾ?” ಅಂತ ಅಪ್ಪ ಮೆಲ್ಲಗೆ ಕೇಳಿದರು. “ಸಂಖ್ಯೆ ನೀವೇ ಹೇಳಿದ್ದಲ್ವಾ” ಅಂದೆ.

ಲ್ಯಾಬಿನಿಂದ ಬೇಗ ಬಂದು ನೋಡಿದರೆ, ಚೂಟಿ ಮತ್ತು ಅಪ್ಪ ಸ್ಕೂಲಿಂದ ಬರುವಾಗ ನಾಲ್ಕೂವರೆ. ಮೂರೂ ಕಾಲಿಗೆ ಮನೆಯಲ್ಲಿರಬೇಕಾದವರು. ಟ್ರಾಫಿಕ್ ಅಂತೆ.

ಅಕ್ಟೋಬರ್ 11, ಬೆಳಿಗ್ಗೆ 6.40

ಎಡಗಲ್ಲು ಇಲ್ಲ.

ಇಲ್ಲ ಅಂದರೆ — ಕಲ್ಲಿದೆ. ಅದರ ಮೇಲೆ ಬೂದುಬಣ್ಣದ ಲೋಳೆ. ನಿನ್ನೆ ಸಂಜೆ ನೂರಾರು ಅಂಗೈಗಳಿದ್ದ ಜಾಗ. ಬಲಗಲ್ಲಿನದು ಬಾಗಿ ನೇತಾಡುತ್ತಿದೆ, ಪಂಪಿನ ನೀರಿನ ಸೆಳೆತಕ್ಕೆ ಚೂರುಚೂರಾಗಿ ಬಿಡಿಸಿಕೊಂಡು ಹೋಗುತ್ತಿದೆ. ಮೀನುಗಳೆರಡೂ ಮೇಲೆ ಬಂದು ಬಾಯಿ ತೆರೆಯುತ್ತಿವೆ. ಕೊಳೆತ ವಾಸನೆ ಬಾಗಿಲವರೆಗೆ.

ಅಪ್ಪ ಟೈಮರ್ ಹಿಡಿದುಕೊಂಡು ನಿಂತಿದ್ದರು. ಕೀ ಕೊಟ್ಟಿದ್ದರು. ಟ್ರಿಣ್ ಅಂದಾಗ ಇಬ್ಬರೂ ಬೆಚ್ಚಿದೆವು.

ಅಕ್ಟೋಬರ್ 12

ಮಧ್ಯಾಹ್ನದ ಹೊತ್ತಿಗೆ ಬಲವೂ ಹೋಯಿತು. ಲೋಳೆಯನ್ನು ಪೈಪಿನಲ್ಲಿ ಎಳೆದು ಬಕೆಟಿಗೆ ಬಿಟ್ಟೆ. ಎರಡು ವರ್ಷ, ಅರ್ಧ ಬಕೆಟ್.

ಇವರು ಇದ್ದರು, ಸಮಾಧಾನ ಹೇಳಿದರು. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಪ್ಪನ ಮೇಲೆ ಕೂಗಾಡಿದೆ. ಕೈ ಸರಿಯಾಗಿ ತೊಳೆಯದೆ ನೀರಿಗೆ ಹಾಕಿರಬೇಕು, ಸೋಪು ಬಿದ್ದಿರಬೇಕು, ಏನೋ ಮಾಡಿದ್ದೀರಿ, ಹೇಳುತ್ತಿಲ್ಲ. ಅಪ್ಪ ತಮ್ಮ ಅಂಗೈ ನೋಡಿಕೊಂಡರು. “ಇರ್ಬಹುದಮ್ಮ. ಈಚೆಗೆ ಕೆಲವು ನೆನಪಿರಲ್ಲ” ಅಂದರು.

ಆ ಮಾತಿಗೆ ನಾನು ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬಕೆಟ್ ಎತ್ತಿಕೊಂಡು ಹೋದೆ.

ಅಕ್ಟೋಬರ್ 17, ಮಧ್ಯಾಹ್ನ 2.38, ಲ್ಯಾಬ್

ಪುಸ್ತಕ ಚೀಲದಲ್ಲೇ ಇತ್ತು. ಆಟೋ ಬರಲು ಏಳು ನಿಮಿಷ ಅಂತ ತೋರಿಸುತ್ತಿದೆ. ಬರೆಯದಿದ್ದರೆ ಕಿರುಚುತ್ತೇನೆ.

ಊಟದ ಹೊತ್ತಿಗೆ ಉಪ್ಪಣ್ಣನ ಮೇಲೆ ಸಿಟ್ಟು ಬಂತು. ಕಾಯಿಲೆ ಬಿದ್ದ ಹವಳ ಮಾರಿದ್ದಾನೆ ಅಂತ. ಸಾಕ್ಷಿ ಕಳಿಸೋಣ ಅಂತ ಚೂಟಿಯ ವಿಡಿಯೋ ಹುಡುಕಿ ಕಳಿಸಿದೆ. ಸೆಪ್ಟೆಂಬರ್ 28ರದು. 26 ಬಂದ ದಿನದ್ದು.

ಉತ್ತರ ಬಂತು: “ಅಕ್ಕ, ಇದರಲ್ಲಿ ನಿಧಾನ ಎಲ್ಲಿದೆ? ನಾನೇ ಎಣಿಸಿದೆ. ನಲವತ್ತೊಂದು.”

ಮೂರ್ಖ ಅಂದುಕೊಂಡು ನಾನು ಎಣಿಸಿದೆ. ನಲವತ್ತೊಂದು. ಮತ್ತೆ ಎಣಿಸಿದೆ. ನಲವತ್ತೊಂದು.

ಆಮೇಲೆ ಸೌಂಡ್ ಹಾಕಿದೆ.

ಅಪ್ಪನ ಬೆರಳು ಮೂಲೆಯಲ್ಲಿ ಕಾಣುತ್ತದೆ. ಟಕ್, ಟಕ್, ಟಕ್. ಹದಿನಾಲ್ಕು, ಹದಿನೈದು, ಹದಿನಾರು. ನಿಂತಿತು. ಬೆರಳು ಗಾಳಿಯಲ್ಲೇ ನಿಂತಿದೆ. ಸದ್ದಿಲ್ಲ. ಹವಳ ಬಡಿಯುತ್ತಲೇ ಇದೆ. ಚೂಟಿಯ ಪಿಸುಮಾತು — “ಸ್ಟ್ಯಾಚು!” — ನಗು. ಇಪ್ಪತ್ತೆರಡು ಸೆಕೆಂಡು. ಆಮೇಲೆ ಬೆರಳು ಇಳಿಯಿತು. ಹದಿನೇಳು. ಹದಿನೆಂಟು. ಏನೂ ಆಗಿಲ್ಲವೆಂಬಂತೆ. ಟ್ರಿಣ್. “ಎಡ ಇಪ್ಪತ್ತಾರು!” ಅಂತ ಅಪ್ಪನ ಕೂಗು. ಬಾಲ್ಕನಿಯಿಂದ ನನ್ನ ದನಿ: “ಅಯ್ಯೋ!”

ಎಲ್ಲಕ್ಕೂ ಕಂಟ್ರೋಲ್ ಓಡಿಸಿದೆ. ಅಪ್ಪನಿಗೆ ಓಡಿಸಲಿಲ್ಲ.

ಮೂರು ಗಂಟೆಗೆ ಸ್ಕೂಲ್ ಬಿಡುತ್ತದೆ. ಅಪ್ಪ ಈಗ ಸ್ಕೂಟರಿನ ಮೇಲೆ ಇರುತ್ತಾರೆ. ಬರುವಾಗ ಹಿಂದೆ ಚೂಟಿ. ಇಪ್ಪತ್ತೆರಡು ಸೆಕೆಂಡು. ಫೋನ್ ಎತ್ತುತ್ತಿಲ್ಲ. ಸ್ಕೂಲಿನ ಫೋನ್ ಬ್ಯುಸಿ. ಆಟೋ ಬಂ

ಅದೇ ದಿನ, ಸಂಜೆ 6

ಇಬ್ಬರೂ ಮನೆಯಲ್ಲಿದ್ದಾರೆ. ಮೊದಲು ಇದನ್ನು ಬರೆಯುತ್ತೇನೆ. ಇಬ್ಬರೂ ಮನೆಯಲ್ಲಿದ್ದಾರೆ.

ಸ್ಕೂಲಿನ ಗೇಟಿನ ಹತ್ತಿರ ಆಟೋ ಇಳಿದಾಗ ಮೂರೂ ಹತ್ತು. ಚೂಟಿ ಚೀಲ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಒಬ್ಬಳೇ. ತಾತ ಎಲ್ಲಿ ಅಂದರೆ “ಬರ್ತಾರೆ, ಲೇಟಾಗುತ್ತೆ” ಅಂದಳು, ಅದು ದಿನದ ಮಾತು ಅನ್ನುವ ಹಾಗೆ. ರಸ್ತೆಯ ಆ ತುದಿಯಿಂದ ಈ ತುದಿಗೆ ಓಡಿದೆ. ಮತ್ತೆ ಓಡಿದೆ.

ಮೂರೂ ಇಪ್ಪತ್ತೈದಕ್ಕೆ ತಿರುವಿನಲ್ಲಿ ಅಪ್ಪ ಕಂಡರು. ಸ್ಕೂಟರ್ ಇತ್ತು. ಅಪ್ಪ ಅದರ ಮೇಲೆ ಇರಲಿಲ್ಲ. ಪಕ್ಕದಲ್ಲಿ ನಡೆಯುತ್ತಾ ತಳ್ಳಿಕೊಂಡು ಬರುತ್ತಿದ್ದರು. ಶರ್ಟು ಬೆವರಿಗೆ ಬೆನ್ನಿಗಂಟಿತ್ತು.

“ಪೆಟ್ರೋಲ್ ಮುಗೀತಾ?” ಅಂದೆ.

ಅಪ್ಪ ನೆಲ ನೋಡಿದರು. ಹೇಳಿದವಳು ಚೂಟಿ. “ನಾವು ಎಷ್ಟೋ ದಿನದಿಂದ ಹೀಗೇ ಬರ್ತೀವಮ್ಮ. ತಾತ ಗಾಡಿ ತಳ್ತಾರೆ, ನಾನು ನಡೀತೀನಿ. ನಿಂಗೆ ಹೇಳ್ಬಾರ್ದು ಅಂದಿದ್ರು.”

ನಾಲ್ಕೂವರೆ. ಟ್ರಾಫಿಕ್. ನಂಬಿದ್ದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವಳು ನಾನು.

ಮನೆಗೆ ಬಂದು ಅಪ್ಪ ತಾವಾಗಿಯೇ ಹೇಳಿದರು. “ರಸ್ತೆ ಮಧ್ಯದ ತುಂಡೇ ಕಾಣೆ ಆಗ್ತಿತ್ತಮ್ಮ. ಔಷಧಿ ಅಂಗಡಿ ದಾಟಿದ್ದು ನೆನಪಿರುತ್ತೆ, ಆಮೇಲೆ ನೋಡಿದ್ರೆ ಸಿಗ್ನಲ್. ಮಧ್ಯದ್ದು ಇಲ್ಲ. ವಯಸ್ಸಾಯ್ತು ಅನ್ಕೊಂಡೆ. ಮಗೂನ ಕೂರಿಸ್ಕೊಳ್ಳೋ ಧೈರ್ಯ ಬರ್ಲಿಲ್ಲ. ಗಾಡಿ ಬಿಟ್ಟು ಹೋದ್ರೆ ನೀನು ಕೇಳ್ತೀಯ ಅಂತ ತಳ್ಕೊಂಡು ಹೋಗ್ತಿದ್ದೆ.”

ಮುಖ ಮುಚ್ಚಿಕೊಂಡು ಅತ್ತೆ. ಮೊನ್ನೆ ಇದೇ ಮನುಷ್ಯನ ಮೇಲೆ ಸೋಪಿನ ಆರೋಪ ಹೊರಿಸಿದ್ದೆ.

ವಿಡಿಯೋ ತೋರಿಸಲೇಬೇಕಿತ್ತು. ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು, ಅಭ್ಯಾಸಬಲದಿಂದ, ತಾವೂ ಎಣಿಸತೊಡಗಿದರು. ಹದಿನಾರರಲ್ಲಿ ಫೋನನ್ನು ಬೆರಳಿನಿಂದ ತಟ್ಟಿದರು.

“ನಿಂತ್ಹೋಯ್ತು ನೋಡು. ನಿನ್ನ ಫೋನು ಹ್ಯಾಂಗ್.”

“ಹವಳ ನೋಡಿ ಅಪ್ಪ.”

ನೋಡಿದರು. ಹವಳ ಮುಚ್ಚಿತು, ತೆರೆಯಿತು. ಮುಚ್ಚಿತು, ತೆರೆಯಿತು. ಮೂಲೆಯಲ್ಲಿ ಅವರದೇ ಬೆರಳು, ಮೇಜಿಗೆ ಒಂದಂಗುಲ ಮೇಲೆ.

ಅಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ರಸ್ತೆ ಹೋದ್ರೂ ಎಣಿಕೆ ಕೈಬಿಟ್ಟಿಲ್ಲ ಅನ್ಕೊಂಡಿದ್ದೆ” ಅಂದರು. ಟ್ಯಾಂಕಿನತ್ತ ತಿರುಗಿ ಇನ್ನೊಂದು ಮಾತು. “ಹಾಗಾದ್ರೆ ಅವು ನಿಧಾನ ಆಗ್ಲೇ ಇಲ್ಲ, ಅಲ್ವಾ? ಚೆನ್ನಾಗೇ ಇದ್ವು.”

ಅಪ್ಪ ಎದ್ದು ಹೋಗಿ ಸ್ಕೂಟರಿನ ಕೀ ತಂದು ನನ್ನ ಕೈಗಿಟ್ಟರು. ಕೀಗೊಂಚಲಿನಿಂದ ಬಿಡಿಸಲು ಅವರ ಬೆರಳಿಗೆ ಎರಡು ಸೆಕೆಂಡೂ ಬೇಕಾಗಲಿಲ್ಲ. ಬೆರಳು ಈಗಲೂ ಅಷ್ಟು ಚುರುಕು. ಅದೇ ತಡೆಯಲಾಗುತ್ತಿಲ್ಲ.

ಅಕ್ಟೋಬರ್ 24

ಸ್ಕ್ಯಾನ್ ಆಯಿತು. ತಲೆಗೆಲ್ಲ ವೈರ್ ಅಂಟಿಸಿ ಪರೀಕ್ಷೆಯೂ ಆಯಿತು. ಇವರು ರಜೆ ಹಾಕಿ ಬಂದಿದ್ದಾರೆ.

ನರದ ಡಾಕ್ಟರು ಚಿಕ್ಕ ವಯಸ್ಸಿನವರು. “ಇದೂ ಒಂದು ಥರದ ಫಿಟ್ಸೇ. ಬಿದ್ದು ಒದ್ದಾಡೋದು ಮಾತ್ರ ಫಿಟ್ಸ್ ಅಲ್ಲ. ಕೆಲವು ಸೆಕೆಂಡು ಮೆದುಳು ಕೈಬಿಡುತ್ತೆ. ಅವ್ರಿಗೆ ಗೊತ್ತೇ ಆಗಲ್ಲ. ಮಾತ್ರೆ ಇದೆ.” ಹಿಂದೆ ಯಾವಾಗಲೋ ಸಣ್ಣದೊಂದು ಸ್ಟ್ರೋಕ್ ಆಗಿ ಹೋಗಿದೆಯಂತೆ, ಅದರ ಗುರುತು ಉಳಿದಿದೆ. ಯಾವಾಗ ಆಗಿರಬಹುದು? ನಾವೆಲ್ಲ ಎಲ್ಲಿದ್ದೆವು?

ಯಾವಾಗಿಂದ ಶುರು, ಎಷ್ಟು ಸಲ, ಎಷ್ಟು ಹೊತ್ತು ಅಂತ ಕೇಳಿದರು. ಚೀಲದಿಂದ ಈ ಪುಸ್ತಕ ತೆಗೆದು ಕೊಟ್ಟೆ. 33. 41. 30. 28. 26. ಒಂದೊಂದರಲ್ಲೂ ನಲವತ್ತೊಂದಕ್ಕೆ ಎಷ್ಟು ಕಡಿಮೆಯೋ ಅಷ್ಟು ಹೊತ್ತು ಅಪ್ಪ ಇರಲಿಲ್ಲ.

“ಇಷ್ಟು ನಿಖರವಾದ ದಾಖಲೆ ಇದುವರೆಗೆ ಯಾರೂ ತಂದಿಲ್ಲ” ಅಂದರು ಡಾಕ್ಟರು. ಹೊಗಳಿದರು. ಎಲ್ಲಾದರೂ ಹೋಗಿ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಹೆತ್ತ ಅಪ್ಪನ ಕಾಯಿಲೆಯನ್ನು ತಿಂಗಳಿಡೀ ನನ್ನ ಕೈಯಾರೆ, ದಿನಾಂಕ ಸಮೇತ ಬರೆದಿಟ್ಟು, ಔಷಧಿ ಮಾತ್ರ ಹವಳಕ್ಕೆ ಹಾಕಿದ್ದೇನೆ.

ಬರುವಾಗ ಮೂರು ಮಾತು ಬರೆದುಕೊಟ್ಟರು. ಹೀಗೆ ನಿಂತುಹೋದಾಗ ಹಿಡಿದು ಅಲ್ಲಾಡಿಸಬೇಡಿ. ಪಕ್ಕದಲ್ಲಿರಿ. ಎಷ್ಟು ಹೊತ್ತು ಅಂತ ನೋಡಿ.

ನವೆಂಬರ್ 2

ಟ್ಯಾಂಕ್ ಖಾಲಿ ಮಾಡೋಣ ಅಂದೆ. ಬೋಳುಗಲ್ಲು ನೋಡಲಾಗುತ್ತಿಲ್ಲ.

“ಅಮ್ಮ, ಹಿಂದಿನ ಗಾಜು!” ಅಂದಳು ಚೂಟಿ.

ಮರಿ. ಎರಡಂಗೈಯ ಮರಿ. ಮೂಲೆಯಲ್ಲಿ, ಪಾಚಿಯ ಮರೆಯಲ್ಲಿ, ಯಾರೂ ಅದರತ್ತ ತಿರುಗಿಯೂ ನೋಡದಿದ್ದಾಗ ನಾಲ್ಕಂಗೈ ಆಗಿದೆ. ಬಡಿಯುತ್ತಿದೆ. ಉಪ್ಪಣ್ಣನಿಗೆ ಫೋನ್ ಮಾಡಿ ಮೊದಲು ಕ್ಷಮೆ ಕೇಳಿದೆ. ಅವನಿಗೇ ನಾಚಿಕೆಯಾಯಿತು. “ಅದನ್ನ ಅದರ ಪಾಡಿಗೆ ಬಿಟ್ಬಿಡಿ ಅಕ್ಕ. ಅಪ್ಪಾಜಿ ಹೇಗಿದಾರೆ?”

ಅಪ್ಪ ಟೈಮರ್ ತಂದಿಟ್ಟು ನನ್ನ ಮುಖ ನೋಡಿದರು. ಎಣಿಸಲಾ ಅಂತ ಕೇಳುವ ನೋಟ. ನಲವತ್ತು ವರ್ಷ ಯಾರನ್ನೂ ಕೇಳಿರದ ಮನುಷ್ಯ.

“ಎಣ್ಸಿ ಅಪ್ಪ. ನಾನೂ ಎಣಿಸ್ತೀನಿ.”

ಅಪ್ಪ 38. ನಾನು 38.

ನವೆಂಬರ್ 9

ಅಪ್ಪ 40. ನಾನು 40. ಮಾತ್ರೆ ಬೆಳಿಗ್ಗೆ ಒಂದು, ಸಂಜೆ ಒಂದು. ಚೂಟಿ ಸ್ಕೂಲ್ ವ್ಯಾನಿನಲ್ಲಿ. ವ್ಯಾನ್ ಬರುವುದು ಮೂರೂವರೆಗೆ, ಅಪ್ಪ ಕೆಳಗಿಳಿದು ಕಾಯುತ್ತಾರೆ, ಎರಡೂ ಮುಕ್ಕಾಲಿನಿಂದಲೇ.

“ನಿನ್ನ ಕಂಟ್ರೋಲಲ್ಲಿ ಪಾಸಾದ್ನಾ ನಾನು?” ಅಂತ ಇವತ್ತು ತಮಾಷೆ ಮಾಡಿದರು. ಆವತ್ತಿನಿಂದ ಮೊದಲ ತಮಾಷೆ.

ನವೆಂಬರ್ 16, ಬೆಳಿಗ್ಗೆ 6.55

ಇಪ್ಪತ್ತೆರಡು ದಿನದಿಂದ ಅಪ್ಪ ಒಂದು ಸಲವೂ ನಿಂತುಹೋಗಿಲ್ಲ. ಇನ್ನೆರಡು ವಾರಕ್ಕೆ ಡಾಕ್ಟರರ ಹತ್ತಿರ ಹೋಗಬೇಕು. ಈಗ ಬಾಲ್ಕನಿಗೆ ಹೋಗುವುದಿಲ್ಲ. ಅಪ್ಪನ ಪಕ್ಕದ ಕುರ್ಚಿ, ಪುಸ್ತಕ ತೊಡೆಯ ಮೇಲೆ. ಟೈಮರ್ ಓಡುತ್ತಿದೆ. ಅಪ್ಪನ ದನಿ ಗಟ್ಟಿಯಾಗಿದೆ. ಹನ್ನೊಂದು. ಹನ್ನೆರಡು. ಮರಿಗೆ ಈಗ ಏಳು ಅಂಗೈ. ಸ್ಕಿಮ್ಮರ್ ಅರ್ಧ ದಿನ ಮಾತ್ರ, ನೀರು ಸ್ವಲ್ಪ ಗಲೀಜಾಗಿಯೇ ಇದೆ. ಹದಿನೆಂಟು. ಹತ್ತೊಂಬತ್ತು. ಇವತ್ತು ಇವರು ಇದ್ದಾರೆ, ಇನ್ನೂ ಎದ್ದಿಲ್ಲ. ಇಪ್ಪತ್ತಮೂರು.

ಇಪ್ಪತ್ತನಾಲ್ಕು ಬರಲಿಲ್ಲ.

ಬೆರಳು ಮೇಲೆಯೇ ಇದೆ. ಕಣ್ಣು ತೆರೆದಿದೆ, ನನ್ನನ್ನು ನೋಡುತ್ತಿಲ್ಲ. ಅಲ್ಲಾಡಿಸಬಾರದು. ಪಕ್ಕದಲ್ಲಿದ್ದೇನೆ ಅಪ್ಪ. ಎಷ್ಟು ಹೊತ್ತು ಅಂತ ನೋಡಬೇಕು. ಫೋನ್ ಅಡುಗೆಮನೆಯಲ್ಲಿದೆ. ಎದ್ದು ಹೋಗುವುದಿಲ್ಲ. ಮರಿ ಬಡಿಯುತ್ತಿದೆ. ಅದನ್ನೇ ಎಣಿಸುತ್ತೇನೆ. ಒಂದು. ಎರಡು. ಮೂರು. ನಾಲ್ಕು. ಐದು. ಆರು. ಏಳು. ಎಂಟು. ಒಂಬತ್ತು. ಹತ್ತು. ಹನ್ನೊಂದು —